ಟ್ರ್ಯಾಕ್ ಡೇಗೆ ಚಕ್ರ ಬದಲಿಸುವುದು: ತಗ್ಗು ಕಾರು, ಐದು ಬೋಲ್ಟು, ಒಂದು ಟಾರ್ಕ್ ರೆಂಚ್

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ನನ್ನ ಹತ್ತಿರ ಪೋರ್ಷೆ 718 ಕೇಮನ್ ಇದೆ. ಕೆಲವು ಸಲ ಚೆನ್ನೈ ಟ್ರ್ಯಾಕಿಗೆ ಹೋಗಿ ಮಾಮೂಲಿ ಟೈರಿನಲ್ಲೇ ಓಡಿಸಿದ್ದೇನೆ. ಈಗ ಟ್ರ್ಯಾಕಿಗೆ ಅಂತಲೇ ಬೇರೆ ಒಂದು ಸೆಟ್ ಚಕ್ರ ಮತ್ತು ಸೆಮಿ ಸ್ಲಿಕ್, ಅಂದರೆ ಗೀರು ಕಡಿಮೆ ಹಿಡಿತ ಜಾಸ್ತಿ ಇರುವ ಟೈರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಕಾರು ತುಂಬಾ ತಗ್ಗು, ಮನೆಯ ಜಾಕ್ ಅಡಿಗೆ ಹೋಗುವುದೇ ಇಲ್ಲ. ಚಕ್ರ ನಾನೇ ಬದಲಿಸಬಹುದಾ? ಎಷ್ಟು ಬಿಗಿ ಮಾಡಬೇಕು? ಬೋಲ್ಟಿಗೆ ಗ್ರೀಸ್ ಹಚ್ಚು ಅಂತ ಒಬ್ಬರು, ಮುಟ್ಟಲೇಬೇಡ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನೀವೇ ಬದಲಿಸಬಹುದು. ಬದಲಿಸಲೂಬೇಕು, ಯಾಕೆಂದರೆ ಹೀಗೆ ಮಾಡುವವರಿಗೆ ತಮ್ಮ ಕಾರಿನ ಬ್ರೇಕು, ಟೈರು, ಸಸ್ಪೆನ್ಶನ್ ಹೇಗಿದೆ ಅಂತ ಕಣ್ಣಾರೆ ಗೊತ್ತಿರುತ್ತದೆ. ನಿಮ್ಮ ಕಾರಿಗೆ ಬಿಗಿ 160 ನ್ಯೂಟನ್ ಮೀಟರ್. ಗ್ರೀಸ್ ವಿಷಯದಲ್ಲಿ ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ನೀವು ಕೇಳದೇ ಇದ್ದ ಒಂದು ವಿಷಯದಿಂದ ಶುರು ಮಾಡುತ್ತೇನೆ. ಅದು ಅರ್ಥವಾದರೆ ಉಳಿದ ಉತ್ತರಗಳೆಲ್ಲ ತಾವಾಗೇ ಬರುತ್ತವೆ.

ಚಕ್ರ ಕಾರಿಗೆ ಹೇಗೆ ಅಂಟಿಕೊಂಡಿರುತ್ತದೆ? ಬೋಲ್ಟುಗಳ ಮೇಲೆ ಚಕ್ರ ನೇತಾಡುತ್ತಿರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ನೋಡುತ್ತದೆ. ಆ ಎಳೆತದಿಂದಲೇ ಚಕ್ರದ ಮುಖ ಹಬ್ಬಿನ, ಅಂದರೆ ಕಾರಿನಲ್ಲಿ ಚಕ್ರ ಕೂರುವ ಲೋಹದ ಭಾಗದ, ಮುಖಕ್ಕೆ ಒತ್ತಿಕೊಳ್ಳುತ್ತದೆ. ಹೀಗೆ ಒತ್ತಿದ ಎರಡು ಮುಖಗಳ ನಡುವಿನ ಘರ್ಷಣೆಯೇ ಚಕ್ರವನ್ನು ಹಿಡಿದಿಡುವುದು. ನಿಮ್ಮ ಕಾರಿನ 14 ಮಿಲಿಮೀಟರ್ ಬೋಲ್ಟನ್ನು 160ಕ್ಕೆ ಬಿಗಿ ಮಾಡಿದರೆ ಒಂದೊಂದೂ ಸುಮಾರು 5ರಿಂದ 7 ಟನ್ ಬಲದಲ್ಲಿ ಒತ್ತುತ್ತದೆ. ಒಂದು ಚಕ್ರಕ್ಕೆ ಅಂಥವು ಐದು. ಆ ಒತ್ತಡ ಇರುವವರೆಗೆ ಎಂಥಾ ಬ್ರೇಕು, ಎಂಥಾ ತಿರುವು ಬಂದರೂ ಚಕ್ರ ಅಲುಗುವುದಿಲ್ಲ. ಒತ್ತಡ ಕಡಿಮೆಯಾದರೆ ಚಕ್ರ ಹಬ್ಬಿನ ಮೇಲೆ ಚೂರುಚೂರೇ ಜಾರಲು ಶುರುವಾಗುತ್ತದೆ. ಜಾರಿದಂತೆಲ್ಲ ಬೋಲ್ಟು ಸಡಿಲವಾಗುತ್ತದೆ, ಸಡಿಲವಾದಂತೆಲ್ಲ ಇನ್ನೂ ಜಾರುತ್ತದೆ. ಕೊನೆಗೆ ಬೋಲ್ಟು ತುಂಡಾಗುತ್ತದೆ. ಟ್ರ್ಯಾಕಿನಲ್ಲಿ ಚಕ್ರ ಕಳಚಿಹೋದ ಸಂದರ್ಭಗಳಲ್ಲಿ ಬೋಲ್ಟಿನ ಗುಣಮಟ್ಟದ್ದು ತಪ್ಪಿರುವುದು ಅಪರೂಪ. ಮುಖಕ್ಕೆ ಮುಖ ಸರಿಯಾಗಿ ಕೂತಿರುವುದಿಲ್ಲ, ಅಷ್ಟೇ.

ಹಾಗಾಗಿ ಟಾರ್ಕ್ ರೆಂಚ್, ಅಂದರೆ ಹೇಳಿದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುವ ರೆಂಚ್, ಕೊಳ್ಳುವ ಮುಂಚೆ ಒಂದು ತಂತಿ ಬ್ರಷ್ ಕೊಳ್ಳಿ. ಚಕ್ರ ಬಿಚ್ಚಿದ ಕೂಡಲೇ ಹಬ್ಬಿನ ಮುಖವನ್ನೂ ಚಕ್ರದ ಒಳಮುಖವನ್ನೂ ನೋಡಿ. ತುಕ್ಕು, ಬ್ರೇಕ್ ಪುಡಿ, ಒಣಗಿದ ಮಣ್ಣು, ಹೊಸ ಚಕ್ರವಾದರೆ ದಪ್ಪ ಪೇಂಟು, ಇದರಲ್ಲಿ ಏನಾದರೂ ಇದ್ದೇ ಇರುತ್ತದೆ. ಇವುಗಳ ಮೇಲೆಯೇ ಬಿಗಿ ಮಾಡಿದರೂ ರೆಂಚ್ 160ಕ್ಕೆ ಕ್ಲಿಕ್ ಅನ್ನುತ್ತದೆ. ನಾಲ್ಕು ಸುತ್ತು ಜೋರಾಗಿ ಓಡಿಸಿದ ಮೇಲೆ ಆ ಪುಡಿ ನಲುಗಿ ತೆಳುವಾಗುತ್ತದೆ. ಬೋಲ್ಟು ಹಿಗ್ಗಿದ್ದೇ ಕೂದಲೆಳೆಯಷ್ಟು ಅಲ್ವಾ? ಪುಡಿ ಅದರ ಕಾಲು ಭಾಗದಷ್ಟು ತೆಳುವಾದರೂ ಒತ್ತಡದ ಹೆಚ್ಚುಕಮ್ಮಿ ಕಾಲು ಪಾಲು ಹೋಯಿತು. ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ನೋಡಿ. ಆ ಮುಖಗಳಿಗೆ ಎಣ್ಣೆ, ಗ್ರೀಸು ಏನೂ ಬೇಡ. ಹಬ್ಬಿನ ನಡುವೆ ಎದ್ದುನಿಂತ ಬಳೆಗೆ ಮಾತ್ರ ಆಂಟಿ ಸೀಜ್ ಪೇಸ್ಟನ್ನು, ಅಂದರೆ ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟನ್ನು, ತೀರಾ ತೆಳ್ಳಗೆ ಸವರಬಹುದು. ಅಲ್ಯೂಮಿನಿಯಂ ಮತ್ತು ಕಬ್ಬಿಣ ಅಲ್ಲಿ ಕಚ್ಚಿಕೊಳ್ಳುತ್ತವೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಿ ಇದು ಜಾಸ್ತಿ. ಕಚ್ಚಿಕೊಂಡ ಚಕ್ರಕ್ಕೆ ಸುತ್ತಿಗೆಯಿಂದ ಬಡಿಯಬೇಡಿ. ಐದೂ ಬೋಲ್ಟು ಜಾಗದಲ್ಲಿ ಇರಲಿ, ಒಂದೊಂದನ್ನೂ ಒಂದೇ ಸುತ್ತು ಸಡಿಲಿಸಿ, ಕಾರನ್ನು ಕೆಳಗಿಳಿಸಿ ಹಿಂದೆ ಮುಂದೆ ಒಂದಡಿ ದೂಡಿ. ಕಾರಿನ ಭಾರಕ್ಕೇ ಬಿಟ್ಟುಕೊಳ್ಳುತ್ತದೆ.

ಈಗ ಗ್ರೀಸ್ ಜಗಳಕ್ಕೆ ಬರೋಣ. ರೆಂಚಿಗೆ ನೀವು ಹಾಕುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 10 ಭಾಗ ಮಾತ್ರ ಬೋಲ್ಟನ್ನು ಎಳೆಯಲು ಬಳಕೆಯಾಗುತ್ತದೆ. ಉಳಿದದ್ದು ಬೋಲ್ಟಿನ ತಲೆಯ ಕೆಳಗೆ ಮತ್ತು ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿ, ತಿಕ್ಕಾಟಕ್ಕೆ ಖರ್ಚು. ಗ್ರೀಸ್ ಹಚ್ಚಿದರೆ ತಿಕ್ಕಾಟ ಕಡಿಮೆ, ಅದೇ 160ಕ್ಕೆ ಎಳೆತ ಎಷ್ಟೋ ಜಾಸ್ತಿ. ಒಣ ಬೋಲ್ಟಿಗೆ ಅಂತ ಲೆಕ್ಕ ಹಾಕಿದ ಕಾರಿಗೆ ಗ್ರೀಸ್ ಹಚ್ಚಿದರೆ ಬೋಲ್ಟು ಅತಿಯಾಗಿ ಎಳೆದು ಹಾಳಾಗಬಹುದು. ಬಹುಪಾಲು ಕಾರುಗಳು ಹೀಗೆ, ಅದಕ್ಕೇ ಮುಟ್ಟಬೇಡ ಅನ್ನುವ ಮಾತು ಹುಟ್ಟಿದ್ದು. ಪೋರ್ಷೆಯ ಲೆಕ್ಕ ಬೇರೆ. ಅವರ ಬೋಲ್ಟಿನ ತಲೆಯ ಕೆಳಗೆ ಸುಮ್ನೆ ತಿರುಗುವ ಒಂದು ಉಂಗುರ ಇದೆ. ಚಕ್ರಕ್ಕೆ ತಾಗಿ ಕೂರುವುದು ಆ ಉಂಗುರ, ತಿರುಗುವುದು ಬೋಲ್ಟು. ಮರೆಗೆ ತೆಳ್ಳಗೆ, ತಲೆ ಮತ್ತು ಉಂಗುರದ ನಡುವೆ ತೆಳ್ಳಗೆ ಪೇಸ್ಟ್ ಹಚ್ಚುವುದು ಅವರದೇ ಪದ್ಧತಿ. ಉಂಗುರದ ಹೊರಮೈ, ಅಂದರೆ ಚಕ್ರದ ಗುಳಿಗೆ ತಾಗುವ ದುಂಡನೆ ಭಾಗ, ಪೂರ್ತಿ ಒಣಗಿರಬೇಕು. ಅಲ್ಲಿಗೆ ಪೇಸ್ಟ್ ತಾಗಿದರೆ ಒರೆಸಿಬಿಡಿ. ಬೆಂಕಿಕಡ್ಡಿ ತುದಿಯಷ್ಟು ಪೇಸ್ಟ್ ಒಂದು ಬೋಲ್ಟಿಗೆ ಸಾಕು, ಅದೂ ಪ್ರತಿ ಸಲ ಬೇಡ. ಉಂಗುರ ಬೆರಳಿನಲ್ಲಿ ಸಲೀಸಾಗಿ ತಿರುಗದೇ ಇದ್ದರೆ ಆ ಬೋಲ್ಟನ್ನು ಬಿಸಾಡಿ ಹೊಸದು ಹಾಕಿ. ಉಂಗುರ ಕಚ್ಚಿಕೊಂಡರೆ ಬೋಲ್ಟಿನ ಜೊತೆ ತಾನೂ ತಿರುಗಿ ಚಕ್ರದ ಗುಳಿಯನ್ನು ಕೊರೆಯುತ್ತದೆ.

ಈ 160 ಎಲ್ಲಾ ಪೋರ್ಷೆಗೂ ಅಲ್ಲ. ಕಂಪನಿಯ ಮಾಡೆಲ್ ಸಂಖ್ಯೆಯಲ್ಲಿ ಹೇಳುವುದಾದರೆ, 986, 987 ಬಾಕ್ಸ್‌ಟರ್, ಕೇಮನ್ ಮತ್ತು 996, 997 ಕಾಲದ 911ಗಳಿಗೆ 130. ನಿಮ್ಮ 718, ಅದರ ಹಿಂದಿನ 981, ಜೊತೆಗೆ 991ರ ಐದು ಬೋಲ್ಟಿನ ಚಕ್ರಗಳಿಗೆ 160. ನಡುವೆ ಒಂದೇ ದೊಡ್ಡ ನಟ್ಟಿರುವ ಚಕ್ರ ಬೇರೆಯದೇ ಲೋಕ. 991 ಜಿಟಿ3ಗೆ 600 ನ್ಯೂಟನ್ ಮೀಟರ್ ಬೇಕು, ಅದಕ್ಕೆ ಉದ್ದನೆಯ ದೊಡ್ಡ ರೆಂಚು, ಬ್ರೇಕ್ ತುಳಿಯಲು ಇನ್ನೊಬ್ಬರು ಬೇಕು. ಟ್ರ್ಯಾಕಿನಲ್ಲಿ ಗೆಳೆಯರ ಕಾರಿಗೆ ಕೈ ಹಾಕುವ ಮುಂಚೆ ಅವರ ಕಾರಿನ ಪುಸ್ತಕದಲ್ಲಿ ಆ ಸಂಖ್ಯೆ ನೋಡಿಕೊಳ್ಳಿ. ಟೈರ್ ಅಂಗಡಿಯವರಿಗೆ ಹೇಳುವುದಾದರೆ 160 ಅಂದರೆ 118 ಪೌಂಡ್ ಅಡಿ. ಆದರೆ ಅಂಗಡಿಯಲ್ಲಿ ಬೋಲ್ಟು ತಿರುಗಿಸುವ ಗನ್ನಿನಿಂದ ಬಿಗಿ ಮಾಡಲು ಬಿಡಬೇಡಿ. ಎಷ್ಟು ಬಿಗಿಯಾಯಿತು ಅಂತ ಗನ್ನು ಹಿಡಿದವರಿಗೂ ಗೊತ್ತಾಗುವುದಿಲ್ಲ. ಕಳ್ಳರು ಬಿಚ್ಚದಂತೆ ಬೇರೆ ಕೀಲಿ ಇರುವ ಲಾಕ್ ಬೋಲ್ಟಿಗಂತೂ ಗನ್ ತೋರಿಸಲೇಬಾರದು. ಅದರ ಕೀಲಿ ಒಡೆದರೆ ಚಕ್ರ ಬಿಚ್ಚುವುದೇ ಒಂದು ದಿನದ ಕೆಲಸ. ಟ್ರ್ಯಾಕ್ ಸೆಟ್ಟಿಗೆ ನಾನಂತೂ ಲಾಕ್ ಬೋಲ್ಟ್ ಹಾಕುವುದೇ ಇಲ್ಲ, ಇಪ್ಪತ್ತಕ್ಕೆ ಇಪ್ಪತ್ತೂ ಮಾಮೂಲಿ ಬೋಲ್ಟು.

ಅರ್ಧ ಇಂಚಿನ, 40ರಿಂದ 200ರವರೆಗೆ ಅಳೆಯುವ ರೆಂಚ್ ತೆಗೆದುಕೊಳ್ಳಿ. ಬಿಚ್ಚಲು ಅದನ್ನು ಬಳಸಬೇಡಿ, ಅದಕ್ಕೆ ಉದ್ದ ಹಿಡಿಯ ಬೇರೆ ಸ್ಪ್ಯಾನರ್ ಇರಲಿ. ಕೆಲಸ ಮುಗಿದ ಮೇಲೆ ರೆಂಚನ್ನು ಅದರ ಅತಿ ಕಡಿಮೆ ಸಂಖ್ಯೆಗೆ ಇಳಿಸಿ ಇಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಸುಳ್ಳು ಹೇಳಲು ಶುರು ಮಾಡುತ್ತದೆ.

ಚಕ್ರ ಕೊಳ್ಳುವಾಗ ಜನ ಜಾಸ್ತಿ ಎಡವುವ ಜಾಗ ಒಂದಿದೆ. ಪೋರ್ಷೆ ಬೋಲ್ಟಿನ ಉಂಗುರ ಗುಂಡಗೆ, ಚೆಂಡಿನ ಮೈ ಥರ. ಹೊರಗಿನ ಕಂಪನಿಗಳ ಎಷ್ಟೋ ಚಕ್ರಗಳಲ್ಲಿ ಗುಳಿ ಗುಂಡಗಿರುವುದಿಲ್ಲ, ಆಲಿಕೆಯ ಹಾಗೆ ಇಳಿಜಾರಾಗಿರುತ್ತದೆ. ಗುಂಡು ಮೈಯನ್ನು ಇಳಿಜಾರು ಗುಳಿಗೆ ಕೂರಿಸಿದರೆ ತಾಗುವುದು ಒಂದು ಗೆರೆಯಷ್ಟು ಜಾಗ. ರೆಂಚ್ ಕ್ಲಿಕ್ ಅನ್ನುತ್ತದೆ, ನೋಡಲು ಎಲ್ಲಾ ಸರಿ ಇರುತ್ತದೆ, ಬಿಸಿಯಾದಾಗ ಆ ಗೆರೆ ಚಪ್ಪಟೆಯಾಗಿ ಬೋಲ್ಟು ಸಡಿಲ. ಚಕ್ರದ ಗುಳಿ ಯಾವ ಆಕಾರದ್ದು ಅಂತ ಕೇಳಿ, ಅದಕ್ಕೆ ಹೊಂದುವ ಬೋಲ್ಟನ್ನೇ ತೆಗೆದುಕೊಳ್ಳಿ. ಬೋಲ್ಟಿನ ಉದ್ದವೂ ಅಷ್ಟೇ ಮುಖ್ಯ. ಕೈಯಲ್ಲಿ ತಿರುಗಿಸಿ ಎಣಿಸಿ, ಕೂರುವ ಮುಂಚೆ ಕಡಿಮೆ ಅಂದರೂ ಒಂಬತ್ತು ಹತ್ತು ಸುತ್ತು ಒಳಗೆ ಹೋಗಬೇಕು. ಹಬ್ಬಿಗೂ ಚಕ್ರಕ್ಕೂ ನಡುವೆ 5 ಮಿಲಿಮೀಟರ್ ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್, ಹಾಕಿದರೆ ಬೋಲ್ಟೂ 5 ಮಿಲಿಮೀಟರ್ ಉದ್ದದ್ದು ಬೇಕು. ಅದೇ ಬೋಲ್ಟನ್ನು ಸ್ಪೇಸರ್ ಇಲ್ಲದ ಚಕ್ರಕ್ಕೆ ಹಾಕಿದರೆ ತುದಿ ಹಬ್ಬಿನ ಹಿಂದಕ್ಕೆ ಚಾಚಿ ಅಲ್ಲಿರುವುದಕ್ಕೆ ತಗುಲಬಹುದು. ಎರಡು ಉದ್ದದ ಬೋಲ್ಟುಗಳನ್ನು ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

ಬೋಲ್ಟುಗಳ ವೃತ್ತ 130 ಮಿಲಿಮೀಟರ್, ನಡುವಿನ ತೂತು 71.6. ಈ ಅಳತೆ ಪೋರ್ಷೆ ಬಿಟ್ಟರೆ ಹೊರಗೆ ಕಡಿಮೆ. ಕೇಯೆನ್ ಚಕ್ರಕ್ಕೂ ಇದೇ ಅಳತೆ, ಹಳೇ ಸೆಟ್ ಅಗ್ಗಕ್ಕೆ ಸಿಗುತ್ತದೆ, ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ತೂತುಗಳು ಹೊಂದುತ್ತವೆ ನಿಜ. ಆದರೆ ಅವು ಎಸ್‌ಯುವಿ ಭಾರಕ್ಕೆ ಮಾಡಿದ ತೂಕದ ಚಕ್ರಗಳು, ಅಗಲ, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಹೊರಗೆ ಕೂರುತ್ತದೆ ಅನ್ನುವ ಅಳತೆ) ಎಲ್ಲಾ ಬೇರೆ. ಬೇಡ. ನಿಮ್ಮದು 300 ಅಶ್ವಶಕ್ತಿಯ ಮೂಲ 718 ಆಗಿದ್ದರೆ, ಕಂಪನಿಯದೇ 18 ಇಂಚಿನ ಸೆಟ್ ಹುಡುಕಿ. ಮುಂದೆ 235/45, ಹಿಂದೆ 265/45 ಟೈರು. 20 ಇಂಚಿನ ಚಕ್ರಕ್ಕಿಂತ ಟೈರ್ ಅಗ್ಗ, ಟೈರಿನ ಗೋಡೆ ಎತ್ತರ, ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿದರೂ ರಿಮ್ಮಿಗೆ ಏಟು ಕಡಿಮೆ. ದೊಡ್ಡ ಬ್ರೇಕಿನ ಜಿಟಿ4ಗೆ ಇದು ಹೊಂದುವುದಿಲ್ಲ.

ಹಳೇ ಚಕ್ರ ಕೊಳ್ಳುವಾಗ ಟೈರ್ ಬಿಚ್ಚಿಸಿ ಒಳಗಿನ ಅಂಚು ನೋಡದೆ ದುಡ್ಡು ಕೊಡಬೇಡಿ. ನಮ್ಮ ರಸ್ತೆ ಗುಂಡಿಗಳಲ್ಲಿ ಬಿದ್ದ ಚಕ್ರಕ್ಕೆ ಹೊರಗೆ ಗೀರೂ ಇರುವುದಿಲ್ಲ, ಒಳ ಅಂಚು ಬಾಗಿರುತ್ತದೆ ಇಲ್ಲವೇ ಬಿರುಕು ಬಿಟ್ಟಿರುತ್ತದೆ. ಬಿಸಿ ಮಾಡಿ ನೇರ ಮಾಡಿದ, ವೆಲ್ಡಿಂಗ್ ಮಾಡಿ ಪೇಂಟ್ ಹೊಡೆದ ಅಲಾಯ್ ಚಕ್ರಗಳು ಊರಲ್ಲಿ ಬೇಕಾದಷ್ಟು ಸಿಗುತ್ತವೆ. ಬಿಸಿ ತಾಗಿದ ಅಲ್ಯೂಮಿನಿಯಂ ತನ್ನ ಗಟ್ಟಿತನ ಕಳೆದುಕೊಂಡಿರುತ್ತದೆ. ಊರೊಳಗೆ ನಿಧಾನಕ್ಕೆ ಓಡಿಸುವವರು ಅದನ್ನು ಹೇಗೋ ಸಂಭಾಳಿಸಿಕೊಳ್ಳುತ್ತಾರೆ. 200ರ ವೇಗದಿಂದ ಬ್ರೇಕ್ ಒತ್ತುವ ಕಾರಿಗೆ ಅಂಥ ಚಕ್ರ ಹಾಕಬಾರದು, ಎಷ್ಟೇ ಅಗ್ಗವಾದರೂ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ.

ಟೈರಿನ ಬಗ್ಗೆ ಎರಡು ಮಾತು. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಥರದ್ದು ನಿಮಗೆ ಸರಿ. ಅದರ ಸವೆತದ ಅಂಕ 180, ಅದೇ ಕಂಪನಿಯ ರಸ್ತೆ ಟೈರು 4ಎಸ್‌ಗೆ 300. ಅಂಕ ಕಡಿಮೆಯಾದಷ್ಟೂ ಹಿಡಿತ ಜಾಸ್ತಿ, ಆಯಸ್ಸು ಕಡಿಮೆ. ಮುಂದೆ ಹಿಂದೆ ಅಳತೆ ಬೇರೆ ಇರುವುದರಿಂದ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸಲು ನಿಮಗೆ ಆಗುವುದಿಲ್ಲ. ಬಿಚ್ಚುವಾಗಲೇ ಒಳಮೈಗೆ ಸೀಮೆಸುಣ್ಣದಲ್ಲಿ ಯಾವ ಮೂಲೆಯದು ಅಂತ ಬರೆದಿಡಿ.

ಇನ್ನು ಕಾರು ಎತ್ತುವ ಕೆಲಸ. ನೀವು ಹೆದರಿರುವುದು ಇದಕ್ಕೇ, ಹೆದರಿಕೆ ಸರಿಯಾಗೇ ಇದೆ. 718ರಲ್ಲಿ ಸ್ಟೆಪ್ನಿ ಇಲ್ಲ, ಪಂಕ್ಚರ್ ಮುಚ್ಚುವ ದ್ರವ ಕೊಟ್ಟಿರುತ್ತಾರೆ, ಹಾಗಾಗಿ ಜಾಕೂ ನೀವೇ ಕೊಳ್ಳಬೇಕು. ಗ್ಯಾರೇಜಿನ ಸಾಮಾನ್ಯ ಟ್ರಾಲಿ ಜಾಕ್ ಪೂರ್ತಿ ಇಳಿಸಿದರೂ 13, 14 ಸೆಂಟಿಮೀಟರ್ ಎತ್ತರ ಇರುತ್ತದೆ. 8, 9 ಸೆಂಟಿಮೀಟರಿಗೆ ಇಳಿಯುವ ಲೋ ಪ್ರೊಫೈಲ್ ಟ್ರಾಲಿ ಜಾಕ್ ನೋಡಿ. ಕೊಳ್ಳುವಾಗ ಇಳಿದ ಎತ್ತರ ಮಾತ್ರ ನೋಡಿದರೆ ಸಾಲದು. ಹಿಡಿ ಒತ್ತಲು ಜಾಗ ಬೇಕಲ್ಲ? ತಗ್ಗು ಕಾರಿನ ಅಡಿಗೆ ಜಾಕ್ ತೂರಿಸಿದ ಮೇಲೆ ಹಿಡಿ ಬಾಡಿಗೆ ತಾಗಿ ಅರ್ಧವೂ ಮೇಲೇಳುವುದಿಲ್ಲ, ಆಗ ಒಂದೊಂದು ಒತ್ತಿಗೂ ಚೂರುಚೂರೇ ಏರುತ್ತದೆ. ಇಷ್ಟಾದರೂ ಸಾಲದಿದ್ದರೆ ಎರಡು ಹಲಗೆ ಹಾಸಿ ಕಾರನ್ನು ಅದರ ಮೇಲೆ ಹತ್ತಿಸಿಬಿಡಿ. ನಾಲ್ಕು ಸೆಂಟಿಮೀಟರ್ ದಪ್ಪದ ಹಲಗೆ ಎಷ್ಟೋ ತೊಂದರೆ ತಪ್ಪಿಸುತ್ತದೆ.

ಎತ್ತಬೇಕಾದ್ದು ಬಾಗಿಲ ಕೆಳಗಿನ ಅಂಚಿನಲ್ಲಿ ಮುಂದೊಂದು, ಹಿಂದೊಂದು ಇರುವ ನಿಗದಿತ ಜಾಗಗಳಲ್ಲಿ ಮಾತ್ರ. ಜಾಕಿನ ತಲೆಗೆ ರಬ್ಬರ್ ಬಿಲ್ಲೆ ಇರಲಿ. ಅಡಿಯ ಪ್ಲಾಸ್ಟಿಕ್ ಹೊದಿಕೆಗೋ ಎಂಜಿನ್ನಿಗೋ ಕೊಟ್ಟು ಎತ್ತಬೇಡಿ. ಈ ಕಾರಿನ ಮೈ ತುಂಬಾ ಬಿಗಿ, ಹಿಂದಿನ ಜಾಗದಲ್ಲಿ ಎತ್ತುತ್ತಾ ಹೋದರೆ ಅದೇ ಬದಿಯ ಮುಂದಿನ ಚಕ್ರವೂ ನೆಲ ಬಿಡುತ್ತದೆ. ಇದು ವರ. ಒಂದೇ ಸಲ ಒಂದು ಬದಿಯ ಎರಡೂ ಚಕ್ರ ಬದಲಿಸಬಹುದು. ಮೇಲೆದ್ದ ಕೂಡಲೇ ಮುಂದಿನ ಜಾಗದ ಕೆಳಗೆ ಸ್ಟ್ಯಾಂಡ್ ಇಟ್ಟು, ಭಾರ ಅದರ ಮೇಲೂ ಕೂರುವಷ್ಟು ಜಾಕ್ ಇಳಿಸಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಅಡ್ಡ ಮಲಗಿಸಿ. ಜಾಕ್ ಜಾರಿದರೆ ಕಾರು ಚಕ್ರದ ಮೇಲೆ ಬೀಳುತ್ತದೆ, ನಿಮ್ಮ ಕೈ ಮೇಲಲ್ಲ. ಚಕ್ರ ಬದಲಿಸಲು ಕಾರಿನ ಅಡಿಗೆ ತಲೆ, ಭುಜ ತೂರಿಸುವ ಅಗತ್ಯವೇ ಇಲ್ಲ. ತೂರಿಸಲೂಬೇಡಿ.

ಎತ್ತುವ ಮುಂಚೆ ಇನ್ನೊಂದು ಬದಿಯ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲೋ ಮರದ ತುಂಡೋ ಕೊಡಿ. ಗೇರ್ ಪಿಯಲ್ಲಿದೆ, ಕಾರು ಎಲ್ಲಿ ಹೋಗುತ್ತದೆ ಅಂತ ಎಷ್ಟೋ ಜನ ಕೇಳುತ್ತಾರೆ. ಹೋಗುತ್ತದೆ. ಪಿ ಲಾಕ್ ಮಾಡುವುದು ಗೇರ್‌ಬಾಕ್ಸನ್ನು. ಹಿಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ, ಸಾಮಾನ್ಯ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇರುವ ಕಾರಿನಲ್ಲಿ ಆ ಚಕ್ರ ಹಿಮ್ಮುಖವಾಗಿ ತಿರುಗುತ್ತದೆ, ನೆಲದಲ್ಲಿರುವುದು ಮುಂದಕ್ಕೆ ಉರುಳುತ್ತದೆ. ಮೊದಲನೇ ಗೇರಿನಲ್ಲಿ ನಿಲ್ಲಿಸಿದ ಮ್ಯಾನುಯಲ್ ಕಾರೂ ಹೀಗೆಯೇ. ಪಾರ್ಕಿಂಗ್ ಬ್ರೇಕ್ ನೆಲದಲ್ಲಿರುವ ಹಿಂದಿನ ಚಕ್ರವನ್ನು ಹಿಡಿಯುತ್ತದೆ, ಅದೂ ಇರಲಿ. ಆದರೆ ಟ್ರ್ಯಾಕಿನಿಂದ ಆಗಷ್ಟೇ ಬಂದ ಕಾರಿಗೆ ಪಾರ್ಕಿಂಗ್ ಬ್ರೇಕ್ ಎಳೆಯಬಾರದು, ಕೆಂಡದಂತಿರುವ ಡಿಸ್ಕನ್ನು ಹಿಡಿದು ನಿಲ್ಲಿಸುವುದು ಒಳ್ಳೆಯದಲ್ಲ. ಅಂಥ ಹೊತ್ತಿನಲ್ಲಿ ಕಾರನ್ನು ಹಿಡಿಯುವುದು ಆ ಕಲ್ಲುಗಳೇ. ಅದಕ್ಕೇ ಆರುವ ತನಕ ಕಾಯಿರಿ, ಆಮೇಲೆ ಎತ್ತಿ.

ನೆಲ ಹೇಗಿದೆ ನೋಡಿ. ಮಟ್ಟಸ ಕಾಂಕ್ರೀಟ್ ಆದರೆ ನಿಶ್ಚಿಂತೆ. ಚೆನ್ನೈ ಬಿಸಿಲಿಗೆ ಮೆತ್ತಗಾದ ಟಾರ್ ನೆಲ, ಜಲ್ಲಿ ನೆಲ ಆದರೆ ಜಾಕಿನ ಚಕ್ರಗಳು ಹೂತುಕೊಳ್ಳುತ್ತವೆ. ಟ್ರಾಲಿ ಜಾಕಿನ ತೋಳು ನೇರ ಮೇಲೇರುವುದಿಲ್ಲ, ಕಮಾನಿನಂತೆ ಏರುತ್ತದೆ. ಹಾಗಾಗಿ ಏರುವಾಗ ಜಾಕ್ ತಾನೇ ಕಾರಿನಡಿಗೆ ಸ್ವಲ್ಪ ಉರುಳಬೇಕು. ಉರುಳಲು ಆಗದಿದ್ದರೆ ತಲೆ ಜಾರುತ್ತದೆ. ಒಂದು ಪ್ಲೈವುಡ್ ತುಂಡು ಹಾಸಿ ಅದರ ಮೇಲೆ ಜಾಕ್ ಇಡಿ.

ಜಪಾನಿನ ಕಾರುಗಳಲ್ಲಿ ಹಬ್ಬಿನಿಂದ ಸ್ಟಡ್, ಅಂದರೆ ಮರೆ ಇರುವ ಕಂಬಿ, ಹೊರಗೆ ಚಾಚಿರುತ್ತದೆ, ಚಕ್ರ ಅದರ ಮೇಲೆ ನೇತುಹಾಕಿ ನಟ್ಟು ಹಾಕಿದರಾಯಿತು. ಪೋರ್ಷೆಯಲ್ಲಿ ಬರೀ ತೂತು. ಇಪ್ಪತ್ತು ಕಿಲೋ ಚಕ್ರವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬೋಲ್ಟು ತೂರಿಸುವ ಸರ್ಕಸ್ ಮಾಡಬೇಡಿ, ಚಕ್ರ ಜಾರಿ ಡಿಸ್ಕಿಗೋ ಕ್ಯಾಲಿಪರಿಗೋ ಬಡಿಯುತ್ತದೆ. ಸೆರಾಮಿಕ್ ಡಿಸ್ಕ್ ಇದ್ದರೆ ಅಂಚು ಚಕ್ಕೆ ಎದ್ದು ಲಕ್ಷಗಟ್ಟಲೆ ನಷ್ಟ. ಬೋಲ್ಟಿನದೇ ಮರೆಯ ಉದ್ದನೆ ಗೈಡ್ ಪಿನ್ ಸಿಗುತ್ತದೆ. ಎರಡು ತೆಗೆದುಕೊಳ್ಳಿ. ಮೇಲಿನ ತೂತಿಗೊಂದು, ಪಕ್ಕದ್ದಕ್ಕೊಂದು ಕೈಯಲ್ಲೇ ತಿರುಗಿಸಿ, ಚಕ್ರವನ್ನು ಅದರ ಮೇಲೆ ಜಾರಿಸಿ. ಕಾರನ್ನು ಬೇಕಾದ್ದಕ್ಕಿಂತ ಮೇಲೆ ಎತ್ತದೆ ಟೈರ್ ನೆಲಕ್ಕಿಂತ ಎರಡು ಬೆರಳು ಮೇಲಿರುವಂತೆ ನೋಡಿಕೊಂಡರೆ, ನೆಲದ ಮೇಲೆ ಕೂತು ಪಾದವನ್ನು ಟೈರಿನ ಕೆಳಗೆ ಇಟ್ಟು ಮೀಟಿ ಎತ್ತಬಹುದು. ಸೊಂಟ ಉಳಿಯುತ್ತದೆ.

ಮೂರು ಬೋಲ್ಟು ಕೈಯಲ್ಲೇ ಪೂರ್ತಿ ತಿರುಗಿಸಿ, ಪಿನ್ ತೆಗೆದು ಉಳಿದೆರಡು ಹಾಕಿ. ಕೈಯಲ್ಲಿ ಸಲೀಸಾಗಿ ಹೋಗದ ಬೋಲ್ಟಿಗೆ ರೆಂಚ್ ಹಾಕಬೇಡಿ, ಮರೆ ಅಡ್ಡಾದಿಡ್ಡಿ ಹಿಡಿದಿರುತ್ತದೆ. ಗಾಳಿಯಲ್ಲಿದ್ದಾಗಲೇ ಒಂದು ಬಿಟ್ಟು ಒಂದರಂತೆ ನಕ್ಷತ್ರದ ಸಾಲಿನಲ್ಲಿ ಸುಮಾರಾಗಿ ಬಿಗಿ ಮಾಡಿ, ಚಕ್ರ ಹಬ್ಬಿಗೆ ನೇರವಾಗಿ ಕೂರಲಿ. ಆಮೇಲೆ ಟೈರ್ ನೆಲ ಕಚ್ಚುವಷ್ಟು ಇಳಿಸಿ 160ಕ್ಕೆ ಬಿಗಿ ಮಾಡಿ, ಅದೇ ಸಾಲಿನಲ್ಲಿ. ಒಂದೇ ನಿಧಾನ ಎಳೆತದಲ್ಲಿ ಒಂದು ಕ್ಲಿಕ್ ಸಾಕು. ಎರಡೆರಡು ಸಲ ಕ್ಲಿಕ್ ಮಾಡುವ ಅಭ್ಯಾಸ ಬೇಡ, ಪ್ರತಿ ಸಲವೂ ಸ್ವಲ್ಪ ಜಾಸ್ತಿ ಬಿಗಿಯಾಗುತ್ತದೆ. ಮುಗಿದ ಬೋಲ್ಟಿಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ, ಬೋಲ್ಟಿನಿಂದ ಚಕ್ರದವರೆಗೆ. ಆಮೇಲೆ ದೂರದಿಂದಲೇ ನೋಡಿ ಯಾವುದು ತಿರುಗಿದೆ ಹೇಳಬಹುದು. ಕೆಲಸದ ನಡುವೆ ಯಾರಾದರೂ ಮಾತಾಡಿಸಿದರೆ, ಆ ಚಕ್ರದ ಐದೂ ಬೋಲ್ಟು ಮೊದಲಿನಿಂದ ನೋಡಿಬಿಡಿ.

ಎಲ್ಲಿ ಬದಲಿಸಬೇಕು? ಇರುಂಗಾಟ್ಟುಕೋಟ್ಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ನಮ್ಮ ಅದೃಷ್ಟಕ್ಕೆ ಬೆಂಗಳೂರು ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ ಇದೆ, ಚೆನ್ನೈ ಊರೊಳಗೆ ಹೋಗುವುದೇ ಬೇಡ. ಶೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ಮಾಡುತ್ತಿದ್ದ ಕಾಲ ಮುಗಿದು 1990ರಲ್ಲಿ ಈ 3.7 ಕಿಲೋಮೀಟರ್ ಟ್ರ್ಯಾಕ್ ಬಂತು. ಇಷ್ಟು ಹತ್ತಿರ ಇಂಥದ್ದೊಂದು ಇರುವುದು ಕರ್ನಾಟಕದ ಓಟಗಾರರಿಗೆ ದೊಡ್ಡ ಉಪಕಾರ. ನಿಮ್ಮ ಮನೆಯಿಂದ ಸುಮಾರು 300 ಕಿಲೋಮೀಟರ್. ಕೇಮನ್‌ನ ಮುಂದಿನ ಡಿಕ್ಕಿ 150 ಲೀಟರ್, ಹಿಂದಿನದು 275. ನಾಲ್ಕು ಚಕ್ರ ಸರಿಯಾಗಿ ಕೂರುವುದಿಲ್ಲ. ಹಿಂದೆ ಎರಡು, ಪಕ್ಕದ ಸೀಟಿನಲ್ಲಿ ಎರಡು ತುರುಕುವವರಿದ್ದಾರೆ. ಹೆದ್ದಾರಿಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಇಪ್ಪತ್ತು ಕಿಲೋ ಚಕ್ರ ತಲೆಯ ಹಿಂದಿನಿಂದ ಹಾರಿ ಬರುತ್ತದೆ. ದಯವಿಟ್ಟು ಬೇಡ.

ನನ್ನ ಸಲಹೆ ಹೀಗೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಹಿಂದಿನ ದಿನ ಮನೆಯ ಕಾಂಕ್ರೀಟ್ ನೆಲದಲ್ಲೇ, ಗಡಿಬಿಡಿ ಇಲ್ಲದೆ ಬದಲಿಸಿ, ಟ್ರ್ಯಾಕ್ ಟೈರಿನಲ್ಲೇ ಹೋಗಿ. ಕಪ್ 2 ರಸ್ತೆಗೆ ಒಪ್ಪಿಗೆ ಇರುವ ಟೈರೇ. 300 ಕಿಲೋಮೀಟರ್ ಓಡುವಷ್ಟರಲ್ಲಿ ಹೊಸದಾಗಿ ಕೂತ ಮುಖಗಳು ಎಷ್ಟು ನಲುಗಬೇಕೋ ಅಷ್ಟು ನಲುಗಿರುತ್ತವೆ. ಶ್ರೀಪೆರಂಬುದೂರಿನ ಹತ್ತಿರ ತಂಗಿ, ಬೆಳಿಗ್ಗೆ ಕಾರು ತಣ್ಣಗಿರುವಾಗ ರೆಂಚ್ ಹಾಕಿ ನೋಡಿ. ಮಳೆಗಾಲದಲ್ಲಿ ಮಾತ್ರ ಹೀಗೆ ಮಾಡಬೇಡಿ. ಇಲ್ಲಿ ಜೂನ್‌ನಿಂದ, ಚೆನ್ನೈ ಕಡೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಜೋರು ಮಳೆ. ಅರ್ಧ ಸವೆದ ಸೆಮಿ ಸ್ಲಿಕ್ ನಿಂತ ನೀರಿನ ಮೇಲೆ ತೇಲುತ್ತದೆ. ಆಗ ರಸ್ತೆ ಟೈರಿನಲ್ಲಿ ಹೋಗಿ, ಟ್ರ್ಯಾಕ್ ಸೆಟ್ಟನ್ನು ಗೆಳೆಯರ ಎಸ್‌ಯುವಿಯಲ್ಲೋ ಬಾಡಿಗೆ ಟೆಂಪೋದಲ್ಲೋ ಕಳಿಸಿ, ಹಿಂದಿನ ಸಂಜೆಯೇ ತಲುಪಿ ಬದಲಿಸಿ. ಬೆಳಿಗ್ಗೆ ಬ್ರೀಫಿಂಗ್ ಕರೆಯುತ್ತಿರುವಾಗ ಜಾಕ್ ಒತ್ತುತ್ತಾ ಕೂರುವ ಪರಿಸ್ಥಿತಿ ಬೇಡ.

ಟ್ರ್ಯಾಕಿನಲ್ಲಿ ಮೊದಲ ಸೆಶನ್ ಮುಗಿದ ಮೇಲೆ ಮತ್ತೆ ರೆಂಚ್ ಹಾಕಬೇಕು. ಇಳಿದ ತಕ್ಷಣ ಅಲ್ಲ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿಯಲ್ಲಿ ಚಕ್ರವೇ ಉಬ್ಬಿ ಬೋಲ್ಟನ್ನು ಎಳೆದು ಹಿಡಿದಿರುತ್ತದೆ, ಸಡಿಲವಾದದ್ದೂ ಬಿಗಿ ಇದ್ದಂತೆ ಕಾಣುತ್ತದೆ. ರೆಂಚ್ ಅಲುಗದೆ ಕ್ಲಿಕ್ ಅನ್ನುತ್ತದೆ, ನೀವು ನೆಮ್ಮದಿಯಾಗಿ ಹೋಗುತ್ತೀರಿ. ಚಕ್ರದ ನಡುಭಾಗ ಕೈಯಲ್ಲಿ ಮುಟ್ಟುವಷ್ಟು ಆರಲಿ, ಆಮೇಲೆ ನೋಡಿ. ಆ ನಡುವೆ ಪೇಂಟ್ ಗೆರೆ ನೋಡಿದರೆ ಸಾಕು. ಒಂದು ಬೋಲ್ಟು ಸ್ವಲ್ಪ ತಿರುಗಿದರೆ ಮುಂದಿನ ಸೆಶನ್ ಮುಗಿದ ಮೇಲೂ ನೋಡಿ. ಎರಡನೇ ಸಲವೂ ಅದೇ ಬೋಲ್ಟು ಸಡಿಲವಾಗಿದ್ದರೆ ಮತ್ತೆ ಬಿಗಿ ಮಾಡಿ ಓಡಿಸಬೇಡಿ, ಚಕ್ರ ಬಿಚ್ಚಿ ಮುಖ ನೋಡಿ. ಓಡಿಸುವಾಗ ಸ್ಟೇರಿಂಗ್ ಹೊಸದಾಗಿ ನಡುಗಿದರೆ, ತಿರುವಿನಲ್ಲಿ ಒಂದು ಮೂಲೆಯಿಂದ ಟಕ್ ಟಕ್ ಸದ್ದು ಬಂದರೆ ಆ ಸುತ್ತನ್ನೇ ಬಿಟ್ಟು ನಿಧಾನಕ್ಕೆ ಪಿಟ್ಟಿಗೆ ಬನ್ನಿ.

ಗಾಳಿಯ ವಿಷಯ. ಬೆಳಿಗ್ಗೆ ತಣ್ಣಗೆ ತುಂಬಿದ್ದು ಟ್ರ್ಯಾಕಿನಲ್ಲಿ 6, 8 ಪಿಎಸ್‌ಐ ಏರುತ್ತದೆ. ಬಿಸಿಯಲ್ಲಿ 32, 34ರ ಆಸುಪಾಸು ಇರುವಂತೆ ತಣ್ಣಗಿರುವಾಗ ಕಡಿಮೆ ತುಂಬಿ, ಇಳಿದ ಕೂಡಲೇ ಅಳೆದು ಸರಿ ಮಾಡಿ. ಕಾರಿನ ಪ್ರೆಶರ್ ಸೆನ್ಸರ್ ಹೊಸ ಚಕ್ರಗಳಲ್ಲೂ ಹಾಕಿಸಿ, ಮೆನುವಿನಲ್ಲಿ ಟೈರಿನ ಅಳತೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ದಿನವಿಡೀ ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತದೆ, ನಿಜವಾಗಿ ಗಾಳಿ ಹೋದಾಗ ನಿಮಗೆ ಗೊತ್ತಾಗುವುದಿಲ್ಲ.

ವರ್ಷಕ್ಕೆ ಐದಾರು ಸಲ ಹೋಗುವ ಹಂತಕ್ಕೆ ಬಂದರೆ ಬೋಲ್ಟ್ ಬದಲು ಸ್ಟಡ್ ಮತ್ತು ನಟ್ಟು ಹಾಕಿಸುವ ಯೋಚನೆ ಮಾಡಿ. ಹಬ್ಬಿನ ಮರೆ ಪದೇ ಪದೇ ಸವೆಯುವುದು ತಪ್ಪುತ್ತದೆ, ಗೈಡ್ ಪಿನ್ ಬೇಡ. ಒಳ್ಳೆ ಕಂಪನಿಯ ಸೆಟ್ಟೇ ಬೇಕು, ಚಕ್ರದ ಗುಳಿಗೆ ಹೊಂದುವ ನಟ್ಟೇ ಬೇಕು, ಬಿಗಿಯ ಸಂಖ್ಯೆ ಆ ಸೆಟ್ ಮಾಡಿದವರು ಹೇಳಿದ್ದು. ಈಗಲೇ ಅವಸರ ಇಲ್ಲ.

ಸಂಜೆ ಹೊರಡುವ ಮುಂಚೆ ಟೈರುಗಳನ್ನು ಕೈಯಾಡಿಸಿ ನೋಡಿ, ಒಳ ಅಂಚನ್ನೂ. ರಬ್ಬರಿನೊಳಗಿನ ದಾರ ಕಂಡಿದ್ದರೆ, ಇಲ್ಲವೇ 1.6 ಮಿಲಿಮೀಟರಿನ ಸವೆತದ ಗುರುತು ಮಟ್ಟಕ್ಕೆ ಬಂದಿದ್ದರೆ ಆ ಟೈರಿನಲ್ಲಿ ಹೆದ್ದಾರಿಗೆ ಇಳಿಯಬೇಡಿ. ಟ್ರ್ಯಾಕಿಗೆ ಅಂತ ಇಳಿಸಿದ ಗಾಳಿಯನ್ನು ಟೈರ್ ಆರಿದ ಮೇಲೆ ಕಾರಿನ ಪುಸ್ತಕದಲ್ಲಿರುವಷ್ಟಕ್ಕೆ ಮತ್ತೆ ತುಂಬಿಸಿ. ಇಪ್ಪತ್ತೂ ಬೋಲ್ಟಿಗೆ ಒಮ್ಮೆ ರೆಂಚ್ ಹಾಕಿ, ಆಮೇಲೆ ವೆಲ್ಲೂರು, ಕೃಷ್ಣಗಿರಿ ಕಡೆ ಹೊರಡಿ.